ಮೊದಲ ಪುಟಕ್ಕೆ ಹೊರಟ ನಾಲ್ವರು

ಪ್ರಾಮಾಣಿಕವಾಗಿ ಮಾಡಿಕೊಡುತ್ತೇವೆ ಎಂದು ಬೋರ್ಡು ಹಾಕಿಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬೋರ್ಡು ಬರೆಯುವವನು ಮಾತ್ರ ಮುಂಚೆ ಹೇಳುವುದಿಲ್ಲ.

ನನ್ನ ಕಸುಬು ಇಷ್ಟೆ: ಜನ ಮೊಬೈಲಿನಲ್ಲಿ ಏನನ್ನಾದರೂ ಹುಡುಕಿದಾಗ ನನ್ನ ಗಿರಾಕಿಯ ವೆಬ್‌ಸೈಟು ಮೊದಲ ಪುಟದಲ್ಲಿ ಕಾಣುವಂತೆ ಮಾಡುವುದು. ಸುಳ್ಳು ಬರೆಯುವುದಿಲ್ಲ, ಹೊಗಳಿಕೆ ಕೊಂಡು ತರುವುದಿಲ್ಲ. ಚಿತ್ರದುರ್ಗದಲ್ಲಿ ಒಂದು ಕೋಣೆ, ನಾಲ್ಕು ಊರಿನಲ್ಲಿ ನಾಲ್ವರು ಗಿರಾಕಿಗಳು. ನಾಲ್ವರೂ ಬಿಟ್ಟರೆ ಕೋಣೆಗೆ ಬೀಗ.

೧. ಕೋಟೆ ಕಾಣುವ ರೂಮು

ಚಿತ್ರದುರ್ಗದ ಲಾಡ್ಜಿನ ಮಾಲೀಕರು 'ರೂಮಿನಿಂದಲೇ ಕೋಟೆ ಕಾಣುತ್ತದೆ' ಎಂದು ಬರೆಯಲು ಹೇಳಿದರು. ಕಿಟಕಿ ತೆರೆದು ನೋಡಿದೆ. ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಕಂಡಿತು.

"ಹಂಗಲ್ರಿ, ಬಾಲ್ಕನೀಗೆ ಬರ್ರಿ. ಸ್ವಲ್ಪ ಬಗ್ಗಿ ಎಡಕ್ಕೆ ನೋಡ್ರಿ. ನಾನು ಹಿಡ್ಕಂತೀನಿ."

ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡರು. ಬಗ್ಗಿದೆ. ಒಂದು ಬುರುಜಿನ ತುದಿ ನಿಜವಾಗಿಯೂ ಕಂಡಿತು. ಹಾಗಾದರೆ 'ಅಂಗಿ ಹಿಡಿದುಕೊಳ್ಳಲು ಸಿಬ್ಬಂದಿ ಇದ್ದಾರೆ' ಎಂದೂ ಸೇರಿಸುತ್ತೇನೆ ಎಂದೆ. ಅವರು ಕೂಡಲೇ ನನ್ನನ್ನು ಕೈಬಿಟ್ಟರು. ಪುಣ್ಯಕ್ಕೆ ನಾನು ಅಷ್ಟರಲ್ಲಿ ನೆಟ್ಟಗೆ ನಿಂತಿದ್ದೆ.

೨. ಅಷ್ಟೋತ್ತರ

ಹಿರಿಯೂರಿನ ಹೆದ್ದಾರಿ ಪಕ್ಕದ ಹೋಟೆಲಿನವರು ಭಕ್ತರು. ನಾನು ಬರೆದ ಪುಟವನ್ನು ಅಳಿಸಿ, 'ಹಿರಿಯೂರಿನ ಬಿಸಿ ಇಡ್ಲಿ' ಎಂದು ನೂರೆಂಟು ಸಲ ಹಾಕಿಸಿದ್ದರು.

ಹೀಗೆ ಮಾಡಿದರೆ ಹುಡುಕಿಕೊಡುವ ಕಂಪ್ಯೂಟರ್ ಇದನ್ನು ಮೋಸವೆಂದು ತಿಳಿದು ಸೈಟನ್ನು ಹಿಂದಕ್ಕೆ ತಳ್ಳುತ್ತದೆ ಎಂದೆ.

"ನೂರೆಂಟು ಸಲ ಹೆಸರು ಹೇಳಿದ್ರೆ ದೇವ್ರೇ ಒಲೀತಾನೆ. ಕಂಪ್ಯೂಟರ್ ಏನ್ ದೇವ್ರಿಗಿಂತ ದೊಡ್ಡದೇನ್ರಿ?"

ಹಸಿವಾಗಿತ್ತು, ಒಂದು ಪ್ಲೇಟು ಇಡ್ಲಿ ಕೊಡಿ ಎಂದೆ. "ಇಡ್ಲಿ ನಿಲ್ಲಿಸಿ ತಿಂಗಳಾತು, ಪರೋಟ ಐತೆ" ಎಂದರು. ಸೈಟಿನ ಕೆಲಸವನ್ನು ಹೊಸಬರೊಬ್ಬರು ವಹಿಸಿಕೊಂಡಿದ್ದಾರಂತೆ, ಸಾವಿರದೆಂಟಕ್ಕೆ ಏರಿಸುತ್ತಾರಂತೆ.

೩. ಮುಯ್ಯಿ

ಹೊಸದುರ್ಗದ ಹಾರ್ಡ್‌ವೇರ್ ಅಂಗಡಿಗೆ ಒಂದೇ ವಾರದಲ್ಲಿ ಊರಿನವರೆಲ್ಲ ಐದೈದು ಸ್ಟಾರ್ ಕೊಟ್ಟಿದ್ದರು. ಮಾಲೀಕರನ್ನು ಕೇಳಿದೆ.

"ಅವರ ಅಂಗಡಿಗೆ ನಾವು ಹಾಕೀವಿ, ನಮ್ಮ ಅಂಗಡಿಗೆ ಅವರು ಹಾಕ್ಯಾರೆ. ಮದುವೇಲಿ ಮುಯ್ಯಿ ಮಾಡಲ್ವಾ, ಹಂಗೆ."

ಅವರು ಮಾಡಿದ ಮುಯ್ಯಿ ಹುಡುಕಿದೆ. ಒಂದು ಹೆರಿಗೆ ಆಸ್ಪತ್ರೆಗೆ, ಪೊದೆಮೀಸೆಯ ತಮ್ಮ ಫೋಟೋ ಸಮೇತ ಬರೆದಿದ್ದರು: 'ಇಲ್ಲಿ ನನಗೆ ಹೆರಿಗೆ ಸುಸೂತ್ರವಾಯಿತು. ನೋವೇ ಗೊತ್ತಾಗಲಿಲ್ಲ.'

ಇದನ್ನು ತೆಗೆಯಿರಿ ಎಂದು ಕೈಮುಗಿದೆ. ಅವರು ಶಾಂತವಾಗಿ ಹೇಳಿದರು: "ಇದನ್ನ ತೆಗೆದ್ರೆ ಡಾಕ್ಟರ ಜೊತೆ ಸಂಬಂಧ ಕೆಡ್ತೈತೆ. ನಿಮ್ಮನ್ನ ತೆಗೆದ್ರೆ ಏನೂ ಕೆಡಲ್ಲ."

೪. ಚುಚ್ಚುವ ಕಂಬಳಿ

ಉಳಿದವರು ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಕಡೆಯ ಒಬ್ಬ ಯಜಮಾನರು. ಕುರಿ ಸಾಕುತ್ತಾರೆ, ಕಂಬಳಿ ನೇಯುತ್ತಾರೆ. ಸುಳ್ಳು ಬರೆಯುವುದಿಲ್ಲ ಎಂದಾಗ ಬೇಸರಪಡದ ಒಬ್ಬರೇ ಗಿರಾಕಿ. 'ಕಂಬಳಿ ಮೊದಮೊದಲು ಚುಚ್ಚುತ್ತದೆ, ಕುರಿಯ ವಾಸನೆ ಇರುತ್ತದೆ' ಎಂದು ಬರೆದು ಓದಿ ಹೇಳಿದೆ.

"ಕುರಿ ಕಂಬಳಿ ಕುರಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರ್ತೈತಾ? ಹಂಗೇ ಇರ್ಲಿ ಬಿಡ್ರಿ."

ಆರು ತಿಂಗಳು ದುಡಿದೆ. ಒಂದು ಬೆಳಿಗ್ಗೆ ಹುಡುಕಿದರೆ ಅವರದೇ ಮೊದಲು. ಈ ಕಸುಬಿನಲ್ಲಿ ನಾನು ಕಂಡ ಮೊದಲ ಜಯ. ಬಸ್ಸು ಹತ್ತಿ ಸುದ್ದಿ ಹೇಳಲು ಹೋದೆ. ಯಜಮಾನರು ಮಗ್ಗದ ಮುಂದೆ ಕೂತಿದ್ದರು. ಪಕ್ಕದ ಉಣ್ಣೆ ರಾಶಿಯೊಳಗಿಂದ ಎಲ್ಲೋ ಫೋನು ಗುಂಯ್‌ಗುಡುತ್ತಿತ್ತು.

"ಕುಂತ್ಕಳ್ರಿ. ಅದು ಬೆಳಿಗ್ಗಿಂದ ಹಂಗೇ ಬಡ್ಕಂತೈತೆ. ನಾವು ತಿಂಗಳಿಗೆ ನೇಯೋದು ನಾಕು ಕಂಬಳಿ. ದಿನಕ್ಕೆ ನಲವತ್ತು ಜನ ಕೇಳ್ತಾರೆ."

'ಹತ್ತು ತಿಂಗಳು ಕಾಯಬೇಕು' ಎಂಬ ನಿಜವನ್ನು ಅಲ್ಲೇ ಕೂತು ಸೇರಿಸಿದೆ. ಮರುದಿನದಿಂದ ಫೋನು ಎರಡರಷ್ಟಾಯಿತು. ಇಷ್ಟು ಕಾಯಿಸುವವರು ಅಸಲಿಯೇ ಇರಬೇಕೆಂದು ಜನ ತಿಳಿದಿದ್ದರು.

ವಾರದಲ್ಲಿ ಯಜಮಾನರೇ ನನ್ನ ಕೋಣೆಗೆ ಬಂದರು. "ಸಾರ್, ನಮ್ಮನ್ನ ಹಿಂದಕ್ಕೆ ಹಾಕ್ರಿ."

"ಸೈಟನ್ನೇ ತೆಗೆದುಬಿಡಲಾ?"

"ಬ್ಯಾಡ್ರಿ. ಅದ್ರಾಗೆ ಮೊಮ್ಮಗಳ ಫೋಟೋ ಐತೆ, ನೆಂಟರೆಲ್ಲ ನೋಡ್ತಾರೆ. ಸೈಟು ಇರ್ಬೇಕು, ಬ್ಯಾರೇರಿಗೆ ಸಿಗಬಾರ್ದು."

ಹಿಂದಕ್ಕೆ ಹಾಕುವ ವಿದ್ಯೆ ನಾನು ಕಲಿತಿಲ್ಲ ಎಂದೆ.

"ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಹತ್ರ ಇದೇ ಕೆಲ್ಸ ಮಾಡೋ ಇನ್ನೊಬ್ರು ಇದಾರಂತಲ್ಲ?"

ಕೊನೆಯ ಗಿರಾಕಿ. ನನಗೆ ತಡೆಯಲಾಗಲಿಲ್ಲ. "ಅಲ್ಲಿಗೆ ಮಾತ್ರ ಹೋಗಬೇಡಿ ಯಜಮಾನರೇ. ಅವರು ಕಳ್ಳ ಹೊಗಳಿಕೆ ತುಂಬುತ್ತಾರೆ. ಅದು ಸಿಕ್ಕಿಬಿದ್ದು ಸೈಟು ಹತ್ತನೇ ಪುಟಕ್ಕೆ ಹೋಗಿ ಬೀಳುತ್ತದೆ. ಆಮೇಲೆ ತಲೆಕೆಳಗಾಗಿ ನಿಂತರೂ ಯಾರ ಕಣ್ಣಿಗೂ ಕಾಣುವುದಿಲ್ಲ."

ಯಜಮಾನರು ನನ್ನನ್ನೇ ನೋಡಿದರು. "ಗ್ಯಾರಂಟೀನಾ?"

ನಾನು ಸುಳ್ಳು ಹೇಳುವುದಿಲ್ಲ. "ಗ್ಯಾರಂಟಿ" ಎಂದೆ.

"ಅವರ ನಂಬರ್ ಕೊಡ್ರಿ."

ಕೊಟ್ಟೆ.