ನಾನು ಹುಟ್ಟುವ ಮೊದಲೇ ಇದ್ದ ನನ್ನ ಶಿಲ್ಪ

ಇಸ್ತ್ರಿ ಹಾಕಿದ ಹಾಗೆ ನೆನಪು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಹಿರೇಕೆರೂರ ಕಡೆಯ ನಮ್ಮೂರ ಗುಡಿಯ ಪಕ್ಕದ ವೀರಗಲ್ಲನ್ನೇ ನೋಡಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಆ ವೀರ ಓಡಿಹೋಗುವಾಗ ಎಡವಿ ಸತ್ತಿರಬಹುದೆಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಉತ್ತರವಾಗಿ ನಾನೊಂದು ಕಬ್ಬಿಣದ ವೀರಗಲ್ಲು ಮಾಡಿದೆ. ಚಕ್ಕಡಿ ಗಾಲಿಯ ಪಟ್ಟಿ, ಮುರಿದ ಕುಂಟೆ, ಬಾವಿಯ ಗಡಗಡಿ ಎಲ್ಲ ಬೆಸೆದು ಆಳೆತ್ತರದ್ದು. ಅದರಲ್ಲಿ ವೀರನಿಲ್ಲ, ಕಾಳಗವಿಲ್ಲ, ಕೈಲಾಸವಿರಬೇಕಾದಲ್ಲಿ ಒಂದು ತೂತು. ಅಷ್ಟು ಕಾಲ ಜನರ ಗೇಟು, ಕಿಟಕಿ ಬೆಸೆದುಕೊಂಡಿದ್ದ ನನಗೆ ಅದರಿಂದಲೇ ಧಾರವಾಡದ ಕಲಾ ಪ್ರದರ್ಶನದ ಮೊದಲ ಕರೆ ಬಂತು. ಚೆನ್ನಾಗಿ ತುಕ್ಕು ಹಿಡಿಯಲೆಂದು ಮಳೆಗಾಲವಿಡೀ ಅದನ್ನು ಮನೆಯೆದುರಿನ ಬೇವಿನ ಗಿಡದ ಬುಡದಲ್ಲಿ ನೆಟ್ಟಿದ್ದೆ. ಎಡವಟ್ಟಾದದ್ದು ಅಲ್ಲೇ.

ಒಯ್ಯಲು ಟೆಂಪೋ ಬಂದ ಮುಂಜಾನೆ ಪಕ್ಕದ ಮನೆಯ ರುದ್ರಪ್ಪಕಾಕಾ ಅಡ್ಡ ನಿಂತ. "ಊರಿನ ಸಾಮಾನು ಎಲ್ಲಿಗಿ ಒಯ್ಯಾಕತ್ತೀಯೋ?" ಅಂದ.

"ಇದು ನಾ ಮಾಡಿದ್ದು ಕಾಕಾ."

"ನೀ ಹುಟ್ಟೂಕಿಂತ ಮೊದಲಿಂದ ಐತಿ. ನಮ್ಮಜ್ಜ ಇದಕ್ಕ ಎಮ್ಮಿ ಕಟ್ಟತಿದ್ದ."

ಜನ ಕುಂಕುಮ ಹಚ್ಚಿ ದೇವರೆಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಮ್ಮೆ ಕಟ್ಟುವ ಗೂಟವೆಂದರೆ ಹೇಗೆ ತಡೆದುಕೊಳ್ಳಲಿ? ಮೊಬೈಲು ತೆಗೆದು, ನಾನು ಬೆಸೆಯುತ್ತಿರುವ ಫೋಟೋ ತೋರಿಸಿದೆ. ಕಾಕಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಇಂವಾ ಮಾರಿಗಿ ತಗಡು ಮುಚ್ಚಿಕೊಂಡಾನ. ನೀನ ಅನ್ನೂದು ಹ್ಯಾಂಗ? ಆತು, ನೀನ ಮಾಡಿದ್ದಂದ್ರ ಇದರ ಅರ್ಥ ಹೇಳು."

"ಅರ್ಥ ಇಲ್ಲ ಕಾಕಾ."

"ಅರ್ಥ ಇಲ್ಲದ್ದನ್ನ ಮನಿಶ್ಯಾ ಯಾಕ ಮಾಡ್ಯಾನು? ಅದು ಮೊದಲಿಂದ ಇದ್ದಿರಬೇಕು."

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಡ್ರೈವರ್ ಎಂಜಿನ್ ಆರಿಸಿ ಎಲೆಯಡಿಕೆ ಹಾಕಿಕೊಂಡ. ಉಳಿದದ್ದು ಒಂದೇ ಸಾಕ್ಷಿ. "ಅವ್ವಾ, ಬ್ಯಾಸಗ್ಯಾಗ ನಾ ಇದನ್ನ ಬೆಸಿಯೂ ಮುಂದ ಚಾ ತಂದು ಕೊಟ್ಟಾಕಿ ನೀನ ಹೌದಲ್ಲ?"

"ಹೌದಪ್ಪ, ಕೊಟ್ಟೇನಿ," ಎಂದಳು ಅವ್ವ, ಕಟ್ಟೆಯ ಮೇಲಿಂದ. "ರಿಪೇರಿ ಮಾಡಾಕತ್ತಾನ ಅಂತ ತಿಳದಿದ್ದೆ. ಸಣ್ಣಾಂವಿದ್ದಾಗ ಇದರ ಮ್ಯಾಲಿಂದನ ಬಿದ್ದು ಮೊಣಕಾಲ ಒಡಕೊಂಡಿದ್ದಿ. ಮರತೇನು?"

ಟೆಂಪೋ ಖಾಲಿ ಹೋಯಿತು. ಧಾರವಾಡದವರಿಗೆ ಫೋನು ಮಾಡಿ, ಶಿಲ್ಪ ನನಗಿಂತ ಹಳೆಯದಂತೆ ಎಂದೆ. ಒಳಗೆ ಹೋಗಿ ಪ್ಯಾಂಟು ಮಡಚಿ ನೋಡಿದರೆ, ಮೊಣಕಾಲಿನ ಮೇಲೆ ನಿಜಕ್ಕೂ ಒಂದು ಗಾಯದ ಕಲೆ. ಹೇಗಾಯಿತೆಂದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಈಗ ಮೋಡ ಕವಿದರೆ ಆ ಮೊಣಕಾಲು ಸಣ್ಣಗೆ ನೋಯುತ್ತದೆ. ನೋಯದೇನು? ಬಿದ್ದ ದಿನವೂ ಹೀಗೇ ಜಿಟಿಜಿಟಿ ಮಳೆಯಿತ್ತು. ರುದ್ರಪ್ಪಕಾಕಾನ ಅಜ್ಜನ ಎಮ್ಮೆ ಅಲ್ಲೇ ನಿಂತು ನೋಡುತ್ತಿತ್ತು.