ಕಪಾಟಿನ ಮೇಲಿನ ಕಾವಲುಗಾರ

"ಈ ಮನೆಯೊಳಗೆ ಗಾಳಿ ನುಗ್ಗಬಹುದು, ಧೂಳು ನುಗ್ಗಬಹುದು, ನಿನ್ನ ತಮ್ಮ ಕೂಡ ಹೇಳದೆ ಕೇಳದೆ ನುಗ್ಗಬಹುದು. ಆದರೆ ನನ್ನ ಕಂಪ್ಯೂಟರಿನೊಳಗೆ ಮಾತ್ರ ಒಂದು ನರಪಿಳ್ಳೆಯೂ ಇಣುಕಲಾರದು!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಸೂಟ್‌ಕೇಸಿನ ಮೇಲೆ ಕುಳಿತು ಅದನ್ನು ಮುಚ್ಚಲು ಹೆಣಗುತ್ತಿದ್ದಳು.

"ಮೊದಲು ಇದರ ಬಾಯಿ ಮುಚ್ಚಲಿ. ಆಮೇಲೆ ನಿಮ್ಮದು ನೋಡೋಣ" ಎಂದಳು.

ನನ್ನ ಘೋಷಣೆಗೆ ಕಾರಣವಿತ್ತು. ನಾನಿರುವುದು ಒಂದು ವಿಮಾ ಕಚೇರಿಯಲ್ಲಿ. ಯಾರಿಗೆ ಯಾವ ಕಾಯಿಲೆ, ಯಾರ ಎದೆಬಡಿತ ಎಷ್ಟು ತಾಳ ತಪ್ಪಿದೆ ಎಂಬ ಗುಟ್ಟೆಲ್ಲ ನಮ್ಮ ಕಂಪ್ಯೂಟರುಗಳ ಹೊಟ್ಟೆಯಲ್ಲಿದೆ. ಆ ಕಂಪ್ಯೂಟರುಗಳ ಪಾಸ್‌ವರ್ಡುಗಳು ಮಾತ್ರ ಹಳದಿ ಚೀಟಿಗಳಾಗಿ ಅವುಗಳ ಹಣೆಗೇ ಅಂಟಿಕೊಂಡಿವೆ! ಇದನ್ನು ಕಂಡು ಒಂದು ದಿನ ಕೆಂಡಾಮಂಡಲವಾದ ಮ್ಯಾನೇಜರ್ ಮೇಡಂ, ಮಾಹಿತಿ ಭದ್ರತೆಯ ಬಗ್ಗೆ ಎಲ್ಲರೂ ಪರೀಕ್ಷೆ ಬರೆಯಬೇಕು, ಪಾಸಾಗದವರಿಗೆ ಬಡ್ತಿಯಿಲ್ಲ ಎಂದುಬಿಟ್ಟರು. ಪ್ರಶ್ನೆಪತ್ರಿಕೆ ತಯಾರಿಸುವ ಭಾರ ನನ್ನ ಹೆಗಲಿಗೆ ಬಂತು. ಏಕೆಂದರೆ ಆ ವಿಷಯದ ತರಬೇತಿಗೆ ಹೋಗಿ ಬಂದವನು ಇಡೀ ಕಚೇರಿಯಲ್ಲಿ ನಾನೊಬ್ಬನೇ. ಊಟವಾದ ಮೇಲಿನ ತರಬೇತಿ ನನಗೆ ಅಷ್ಟಾಗಿ ನೆನಪಿಲ್ಲ. ಆ ಮಾತು ಬೇರೆ.

"ಪ್ರಶ್ನೆಗಳು ಹೊರಗೆ ಬೀಳಬಾರದು. ಕಚೇರಿಯ ಕಂಪ್ಯೂಟರ್ ಬೇಡ, ಮನೆಯಲ್ಲೇ ಮಾಡಿ" ಎಂದ ಮೇಡಂ ಮುಂದಿನ ಮಾತನ್ನು ದನಿ ತಗ್ಗಿಸಿ ಹೇಳಿದರು. "ಇದೊಂದು ಸುಸೂತ್ರವಾಗಿ ಮುಗಿದರೆ ಮೂಲೆಯ ಕೊಠಡಿ ನಿಮಗೆ."

ಮೂಲೆಯ ಕೊಠಡಿ! ಅದಕ್ಕೆ ಬಾಗಿಲಿದೆ ಸ್ವಾಮಿ! ಇಷ್ಟು ವರ್ಷದಿಂದ ನನ್ನ ಮೇಜು ಇರುವುದು ಕುಡಿಯುವ ನೀರಿನ ಯಂತ್ರದ ಪಕ್ಕದಲ್ಲಿ. ನೀರಿಗೆ ಬಂದವರೆಲ್ಲ ನನ್ನ ಫೈಲಿನ ಮೇಲೆ ಮೊಣಕೈ ಊರಿ, ಲೋಟ ತುಂಬುವವರೆಗೆ ತಮ್ಮ ಸಂಸಾರದ ಕಷ್ಟ ಹೇಳಿಕೊಂಡು, ನಾಲ್ಕು ಹನಿ ನನ್ನ ಮೇಲೂ ಚೆಲ್ಲಿ ಹೋಗುತ್ತಾರೆ. ಆ ಬಾಗಿಲಿಗಾಗಿ ನಾನು ಏನು ಮಾಡಲೂ ಸಿದ್ಧನಿದ್ದೆ.

ಪ್ರಶ್ನೆಪತ್ರಿಕೆ ತಯಾರಾಯಿತು. ಅಷ್ಟರಲ್ಲಿ ಹೊಸ ಮನೆ ಕೊಂಡಿದ್ದ ಹೆಂಡತಿಯ ತಮ್ಮ, ಬಂದು ಒಂದು ವಾರ ಇದ್ದು ಹೋಗಿ ಎಂದು ಕರೆದ. ನಾವು ಊರಲ್ಲಿಲ್ಲದಾಗ ಕಂಪ್ಯೂಟರಿಗೆ ಯಾರು ದಿಕ್ಕು? ನಾನು ಕೋಟೆ ಕಟ್ಟತೊಡಗಿದೆ.

ಮೊದಲಿಗೆ ಪಾಸ್‌ವರ್ಡ್. ಬರೆದರೆ ಎರಡು ಸಾಲು ತುಂಬುವಷ್ಟು ಉದ್ದ! ಆಮೇಲೆ ಒಂದು ಪುಟ್ಟ ಕ್ಯಾಮೆರಾ ತಂದು ಕಪಾಟಿನ ಮೇಲೆ ಕೂರಿಸಿ, ಅದರ ಕಣ್ಣನ್ನು ನೇರವಾಗಿ ಕಂಪ್ಯೂಟರಿನ ಕಡೆಗೆ ತಿರುಗಿಸಿದೆ. ಎಲ್ಲಿದ್ದರೂ ಫೋನಿನಲ್ಲಿ ನೋಡಬಹುದು, ಮಾತಾಡಬಹುದು, ಅದರ ಕಣ್ಣನ್ನು ಅತ್ತಿತ್ತ ತಿರುಗಿಸಬಹುದು, ಚಿತ್ರವನ್ನು ಹತ್ತಿರ ತಂದುಕೊಳ್ಳಬಹುದು. ಕೋಣೆಯಲ್ಲಿ ಏನಾದರೂ ಅಲುಗಿದರೆ ಫೋನು ಬಡಿದುಕೊಳ್ಳುತ್ತದೆ.

ಬಡಿದುಕೊಂಡಿತು. ಕೂರಿಸಿದ ಕ್ಷಣದಿಂದ ಬಡಿದುಕೊಳ್ಳುತ್ತಲೇ ಇತ್ತು! ನೋಡಿದರೆ, ಕಂಪ್ಯೂಟರ್ ಸುಮ್ಮನಿದ್ದಾಗ ಪರದೆಯ ಮೇಲೆ ಈಜುವ ಬಣ್ಣದ ಮೀನುಗಳನ್ನು ಕ್ಯಾಮೆರಾ ಕಳ್ಳರೆಂದು ತಿಳಿದಿದೆ. ಮೀನುಗಳನ್ನು ಕಿತ್ತುಹಾಕಿದೆ. ಪರದೆ ತಾನಾಗಿ ಆರಿದರೂ ಫೋನು ಬಡಿದುಕೊಂಡಿತು. ಪರದೆ ಆರುವುದನ್ನೂ, ಅದರ ಜೊತೆಗೇ ಬೀಗ ಬೀಳುವುದನ್ನೂ ನಿಲ್ಲಿಸಿದೆ.

"ಕಂಪ್ಯೂಟರ್ ಆರಿಸಿಯೇ ಹೋಗಬಹುದಲ್ಲ?" ಎಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ. ಉರೀತಿದ್ರೆ ಕಳ್ಳ ಒಳಗೆ ಜನ ಇದ್ದಾರೆ ಅಂದ್ಕೋತಾನೆ."

"ಅದಕ್ಕೆ ಒಂದು ಬಲ್ಬು ಸಾಕಲ್ಲ?"

ಇಂಥ ಸಾಮಾನ್ಯ ಪ್ರಶ್ನೆಗಳಿಗೆ ತಜ್ಞರು ಉತ್ತರಿಸುವುದಿಲ್ಲ.

ಹೊರಡುವ ಗಳಿಗೆಯಲ್ಲಿ ಪ್ರಶ್ನೆಪತ್ರಿಕೆಯನ್ನು ತೆರೆದು ಕೊನೆಯದಾಗಿ ಕಣ್ಣಾಡಿಸುತ್ತಿದ್ದೆ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ. ಹೆಂಡತಿ ಅವನಿಗಿಂತ ಜೋರಾಗಿ "ರೀ!" ಎಂದಳು. ನಾನು ದಡಬಡಿಸಿ ಎದ್ದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಭದ್ರತೆಯ ಕಟ್ಟಕಡೆಯ ಅಸ್ತ್ರವಾಗಿ ಕಂಪ್ಯೂಟರಿನ ಮೌಸನ್ನು ಕಿತ್ತು ಸೂಟ್‌ಕೇಸಿಗೆ ತುರುಕಿ ಓಡಿದೆ. ಕೀಲಿಕೈಯನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕೊಟ್ಟೆವು. ಗಿಡಗಳಿಗೆ ನೀರು ಹಾಕುವುದು ಅವರ ಪಾಲಿನ ಕೆಲಸ.

ರೈಲಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದಾಗ ಕಚೇರಿಯ ಗುಂಪಿನಲ್ಲಿ ಒಂದು ಸಂದೇಶ ಬಂತು. ಮೇಡಂ ಒಬ್ಬರನ್ನು ಬಿಟ್ಟು ಎಲ್ಲರೂ ಇರುವ ಗುಂಪು ಅದು. ಬರೆದವನು ನಮ್ಮ 'ರೇಡಿಯೋ'. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲ ಮಹಡಿಗಳಲ್ಲೂ ಪ್ರಸಾರವಾಗುವುದರಿಂದ ಆ ಹೆಸರು. ಕನ್ನಡಕ ಸಿಗದ ನನಗೆ ಎದುರು ಸೀಟಿನ ಹುಡುಗ ಓದಿ ಹೇಳಿದ.

"ಸಾರ್, ಪ್ರಶ್ನೆಪತ್ರಿಕೆ ಒಂಟಿಯಾಗಿ ಬಿಟ್ಟು ಹೋಗಿದ್ದೀರಂತೆ? ಯಾರಾದರೂ ನೋಡಿಬಿಟ್ಟರೆ?"

ನನ್ನ ಸ್ವಾಭಿಮಾನ ಹೆಡೆಯೆತ್ತಿತು. ಕ್ಯಾಮೆರಾದ ಲಿಂಕನ್ನೇ ಗುಂಪಿಗೆ ಕಳಿಸಿ, ಆ ಹುಡುಗನಿಂದ ಬರೆಸಿದೆ: "ಭದ್ರತೆ ಎಂದರೇನು ಎಂದು ಕಣ್ಣಾರೆ ನೋಡಿ ಕಲಿಯಿರಿ!"

ನೋಡಿದರು. ಕಲಿತರು. ಚಪ್ಪಾಳೆಗಳ, ಕೈಮುಗಿದ ಚಿತ್ರಗಳ ಮಳೆಯೇ ಸುರಿಯಿತು. ಯಾವತ್ತೂ ನನ್ನ ಮಾತಿಗೆ ತಲೆ ಎತ್ತದ ಲೆಕ್ಕಪತ್ರ ವಿಭಾಗದವರು ಕೂಡ "ಗುರುಗಳೇ!" ಎಂದರು. ನನ್ನ ಎದೆ ರೈಲಿನ ಎರಡು ಸೀಟು ಹಿಡಿಯುವಷ್ಟು ಉಬ್ಬಿತು.

ಭಾವಮೈದನ ಮನೆ ಸೇರಿ ಸೂಟ್‌ಕೇಸ್ ತೆರೆದ ಹೆಂಡತಿ ಬಾಲ ಹಿಡಿದು ಮೌಸನ್ನು ಮೇಲೆತ್ತಿದಳು.

"ಇದೇನ್ರೀ? ನಿಮ್ಮ ಶರ್ಟುಗಳೆಲ್ಲಿ?"

ಜಾಗ ಸಾಲದೆಂದು ನಾನೇ ತೆಗೆದಿಟ್ಟು ಬಂದಿದ್ದೆ. ಆ ವಾರವಿಡೀ ನಾನು ಭಾವಮೈದನ ಶರ್ಟುಗಳಲ್ಲಿ ಓಡಾಡಿದೆ. ಅವನು ನನ್ನ ಅರ್ಧ ಗಾತ್ರದವನು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ದಿನವೂ ಕುಳಿತಲ್ಲಿ ನಿಂತಲ್ಲಿ ಫೋನು ನೋಡುವುದೇ ನನ್ನ ಕೆಲಸವಾಯಿತು. ಕನ್ನಡಕವಿಲ್ಲದ್ದರಿಂದ ಮೇಜು ಒಂದು ಕಂದು ಮಬ್ಬು, ಪರದೆ ಒಂದು ಬಿಳಿ ಮಬ್ಬು. ಬಿಳಿ ಮಬ್ಬು ಅಲ್ಲೇ ಇದೆಯೆಂದರೆ ಕಂಪ್ಯೂಟರ್ ಸುಖವಾಗಿದೆ ಎಂದರ್ಥ!

"ಬಾ, ಸ್ವಲ್ಪ ನೀನೂ ನೋಡು" ಎಂದು ಹೆಂಡತಿಯನ್ನು ಕರೆದೆ.

"ನಾನು ಬಂದಿರೋದು ನನ್ನ ತಮ್ಮನ ಮನೆ ನೋಡೋಕೆ. ನಮ್ಮ ಮನೆ ನೋಡೋಕಲ್ಲ."

ಗುಂಪಿನವರ ಕಳಕಳಿ ಮಾತ್ರ ಕಣ್ಣಲ್ಲಿ ನೀರು ತರಿಸುವಂತಿತ್ತು. ಭಾವಮೈದ ನನಗೆ ಸಂದೇಶಗಳನ್ನು ಓದಿ ಹೇಳುತ್ತಿದ್ದ. "ಸಾರ್, ಕ್ಯಾಮೆರಾ ಕೊಂಚ ಎಡಕ್ಕೆ ತಿರುಗಿಸಿ, ಆ ಕಡೆಯಿಂದ ಕಳ್ಳ ಬರಬಹುದು." ತಿರುಗಿಸಿದೆ. "ಸಾರ್, ಇನ್ನೂ ಸ್ವಲ್ಪ ಹತ್ತಿರ ತನ್ನಿ, ಭದ್ರತೆ ಸರಿಯಾಗಿ ಕಾಣುತ್ತಿಲ್ಲ." ತಂದೆ. "ಈಗ ಚೆನ್ನಾಗಿ ಕಾಣುತ್ತಿದೆ ಸಾರ್. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ."

"ಭಾವ, ನಿಮ್ಮ ಆಫೀಸಿನವರಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ!" ಎಂದ ಭಾವಮೈದ.

"ಗಳಿಸಿಕೊಂಡಿದ್ದೀನಪ್ಪಾ" ಎಂದೆ, ಅವನ ಶರ್ಟಿನ ಗುಂಡಿ ಸಿಡಿಯದಂತೆ ಹುಷಾರಾಗಿ ಉಸಿರೆಳೆದುಕೊಂಡು.

ಮಾರನೆಯ ದಿನ ಇನ್ನೊಂದು ಸಂದೇಶ ಬಂತು: "ಸಾರ್, ನೀರು ಹಾಕಲು ಬಂದ ಹಿರಿಯರು ಬಟ್ಟೆ ತಗೊಂಡು ಕೀಬೋರ್ಡಿನ ಧೂಳನ್ನೂ ಒರೆಸಿದರು. ಅವರಿಗೆ ನಮ್ಮೆಲ್ಲರ ಸಾಷ್ಟಾಂಗ ನಮಸ್ಕಾರ. ಎರಡನೇ ಪುಟ ಬಂತು."

"ಎರಡನೇ ಪುಟ ಅಂದ್ರೆ ಏನು ಭಾವ?"

"ಹೊಸ ಅಧ್ಯಾಯ ಶುರುವಾಯ್ತು ಅಂತ ಇರಬೇಕು. ಮಾತಿನ ಅಲಂಕಾರ" ಎಂದೆ!

ಅದರ ಮರುದಿನ ಊಟಕ್ಕೆ ಕುಳಿತಿದ್ದೆವು. ಫೋನು ಬಡಿದುಕೊಂಡಿತು. ನೋಡುತ್ತೇನೆ, ಬಿಳಿ ಮಬ್ಬಿನ ಮುಂದೆ ಕಪ್ಪು ಮಬ್ಬೊಂದು ನಿಂತಿದೆ! ಬಾಗಿದೆ! ಇಣುಕುತ್ತಿದೆ! ನನ್ನ ಮೂಲೆಯ ಕೊಠಡಿಯ ಬಾಗಿಲು ನನ್ನ ಕಣ್ಣೆದುರೇ ಮುಚ್ಚಿಕೊಳ್ಳತೊಡಗಿತು. ಮಾತಾಡುವ ಗುಂಡಿ ಒತ್ತಿ ಗುಡುಗಿದೆ.

"ಯಾರದು ಅಲ್ಲಿ!"

ಕಪ್ಪು ಮಬ್ಬು ಒಂದು ಮೊಳ ಹಾರಿತು. ಏನೋ ಧಡಾರನೆ ಬಿತ್ತು.

"ಅಯ್ಯಯ್ಯೋ! ಯಾರು ಮಾತಾಡ್ತಿರೋದು?" ಪಕ್ಕದ ಮನೆಯ ಮೇಷ್ಟ್ರ ದನಿ!

"ನಾನು ಮೇಷ್ಟ್ರೇ. ಇಲ್ಲೇ ಮೇಲಿದ್ದೀನಿ."

"ಮೇಲೆ? ಅಯ್ಯೋ ಪಾಪ, ಯಾವಾಗ ಹೋದ್ರಿ? ಮೊನ್ನೆ ಗಟ್ಟಿಮುಟ್ಟಾಗೇ ಇದ್ರಲ್ಲ!"

"ಕಪಾಟಿನ ಮೇಲೆ ಮೇಷ್ಟ್ರೇ! ಕ್ಯಾಮೆರಾದಲ್ಲಿ! ನೀವೇನು ಮಾಡ್ತಿದ್ದೀರಿ ಅಲ್ಲಿ?"

"ನೀರು ಹಾಕೋಕೆ ಬಂದೆ. ಪ್ರಶ್ನೆಪತ್ರಿಕೆ ಕಂಡ್ರೆ ನನ್ನ ಕಣ್ಣು ಸುಮ್ನಿರಲ್ಲ ನೋಡಿ, ಓದ್ತಾ ನಿಂತುಬಿಟ್ಟೆ. ಬೇಜಾರು ಮಾಡ್ಕೋಬೇಡಿ, ಏಳನೇ ಪ್ರಶ್ನೆಗೆ ಕೊಟ್ಟಿರೋ ಉತ್ತರಗಳಲ್ಲಿ ಎರಡು ಸರಿಯಾಗಿವೆ. ಮಕ್ಕಳಿಗೆ ಗೊಂದಲ ಆಗುತ್ತೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಓದಿದರು ಎಂದರೆ? ತೆರೆದೇ ಇದೆ ಎಂದರೆ? ಈ ಬಿಳಿ ಮಬ್ಬು...

ಅಷ್ಟರಲ್ಲಿ ಫೋನು ಮತ್ತೆ ಕಿಣಿಗುಟ್ಟಿತು. ಭಾವಮೈದ ಬಗ್ಗಿ ಓದಿದ: "ಮೇಷ್ಟ್ರು ಹೇಳಿದ್ದು ಸರಿ ಸಾರ್. ಏಳನೇ ಪ್ರಶ್ನೆಯಲ್ಲಿ ನಮಗೂ ಅದೇ ಅನುಮಾನವಿತ್ತು. ಇಂತಿ, ರೇಡಿಯೋ ಮತ್ತು ಸಕಲ ಸಿಬ್ಬಂದಿ."

ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ಆ ವಾರದಲ್ಲಿ ಮೊದಲ ಸಲ ಕ್ಯಾಮೆರಾದ ಚಿತ್ರವನ್ನು ನೋಡಿದಳು. ಪುಟದ ತಲೆಯ ಮೇಲಿದ್ದ ಸಾಲನ್ನು ಒಂದನೇ ತರಗತಿಯ ಪಾಠದಂತೆ ನಿಧಾನವಾಗಿ ಓದಿದಳು:

"ಅತ್ಯಂತ ಗೌಪ್ಯ. ಯಾರಿಗೂ ತೋರಿಸತಕ್ಕದ್ದಲ್ಲ."

ಕನ್ನಡಕ ಎಲ್ಲಿದೆ ಎಂಬುದನ್ನೂ ಅವಳೇ ಹೇಳಿದಳು. ಪ್ರಶ್ನೆಪತ್ರಿಕೆಯ ಪಕ್ಕದಲ್ಲೇ ಅದು ಎರಡೂ ಕಾಲು ಮಡಚಿಕೊಂಡು ಹಾಯಾಗಿ ಮಲಗಿತ್ತಂತೆ.

ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಅವರು ಕೇಳಿದ್ದು ಇಷ್ಟೇ: "ಆ ಮೇಷ್ಟ್ರ ಫೋನ್ ನಂಬರ್ ಇದೆಯಾ?"

ಹೊಸ ಪ್ರಶ್ನೆಪತ್ರಿಕೆಯನ್ನು ಮೇಷ್ಟ್ರು ತಯಾರಿಸಿದರು. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕೈಯಲ್ಲಿ ಬರೆದು, ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಪರೀಕ್ಷೆಯ ದಿನ ತಾವೇ ತಂದರು. ದಾರಿಯುದ್ದಕ್ಕೂ ಅದೇ ಬಸ್ಸಿನಲ್ಲಿ, ಅವರ ಪಕ್ಕದಲ್ಲೇ ಕುಳಿತು ಬಂದ ನನಗೂ ಸುಳಿವು ಸಿಗಲಿಲ್ಲ! ಅವರಿಗೆ ಕುಳಿತುಕೊಳ್ಳಲು ಮೂಲೆಯ ಕೊಠಡಿಯನ್ನೇ ಕೊಟ್ಟರು. ಒಳಗೆ ಹೋದವರು ಬಾಗಿಲು ಮುಚ್ಚಿಕೊಂಡರು. ಆ ಬಾಗಿಲು ಮುಚ್ಚುವಾಗ ಎಷ್ಟು ಇಂಪಾದ ಸದ್ದು ಬರುತ್ತದೆ ಎಂದು ನನಗೆ ತಿಳಿದದ್ದು ಆವತ್ತೇ, ಹೊರಗಿನಿಂದ.

ಪರೀಕ್ಷೆಯನ್ನು ನಾನೂ ಬರೆಯಬೇಕೆಂದು ಮೇಡಂ ಅವರ ಅಪ್ಪಣೆಯಾಗಿತ್ತು. ನೀರಿನ ಯಂತ್ರದ ಪಕ್ಕದಲ್ಲಿ ಕುಳಿತು ಹಾಳೆ ತಿರುವಿದೆ. ಮೊದಲ ಪ್ರಶ್ನೆಯೇ ಹೀಗಿತ್ತು:

'ಪ್ರವಾಸಕ್ಕೆ ಹೊರಟ ನೌಕರನೊಬ್ಬನು ಗೌಪ್ಯ ದಾಖಲೆಯನ್ನು ಪರದೆಯ ಮೇಲೆ ತೆರೆದಿಟ್ಟು, ಅದಕ್ಕೆ ಕ್ಯಾಮೆರಾ ತಿರುಗಿಸಿ, ಅದರ ಲಿಂಕನ್ನು ಎಲ್ಲರಿಗೂ ಕಳಿಸುತ್ತಾನೆ. ಅವನು ಮಾಡಿದ ಐದು ತಪ್ಪುಗಳನ್ನು ವಿವರಿಸಿ.'

ರೇಡಿಯೋಗೆ ಐದಕ್ಕೆ ಐದು. ಇಡೀ ಕಚೇರಿಗೆ ಐದಕ್ಕೆ ಐದು. ತಲೆ ಕೆರೆದು ಕೆರೆದು ನಾನು ಬರೆದದ್ದು ನಾಲ್ಕು. ಐದನೆಯದು ಏನು ಮಾಡಿದರೂ ಹೊಳೆಯಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಪ್ರಶ್ನೆಪತ್ರಿಕೆ ಹಿಡಿದು ಗೋಳಾಡಿದೆ. "ನೀನೇ ಹೇಳು. ಅಷ್ಟು ಕಡಿಮೆ ಹೊತ್ತಿನಲ್ಲಿ ಒಬ್ಬ ಮನುಷ್ಯನ ಐದು ತಪ್ಪು ಹುಡುಕೋದು ಸಾಧ್ಯಾನಾ?"

ಅವಳು ಪ್ರಶ್ನೆಯನ್ನು ಓದಿದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಐದೇ ಕೇಳಿದ್ದಾರಾ?" ಎಂದಳು. "ನನ್ನನ್ನ ಕೂರಿಸಿದ್ರೆ ಹೆಚ್ಚುವರಿ ಹಾಳೆ ಕೇಳ್ತಿದ್ದೆ!"