ದುಡ್ಡಿತ್ತು ಅಂತ ಸಾಬೀತಾದರೆ

ಗಂಡ: ಒಂದೇ ಒಂದು ಮಾತು ಹೇಳು ಅಂದಿದ್ದೆ. ‘ಇವರ ಹತ್ರ ದುಡ್ಡಿತ್ತು, ಸಾಲ ಕೊಟ್ಟರು’, ಅಷ್ಟೇ.

ಹೆಂಡತಿ: ಪ್ರಮಾಣ ಮಾಡಿಸಿದ ಮೇಲೆ ಸುಳ್ಳು ಹೇಳೋಕಾಗತ್ತಾ?

ವಕೀಲರ ಕೋಣೆ. ಎರಡು ಲಕ್ಷದ ಚೆಕ್ ಬೌನ್ಸ್ ಕೇಸಿನಲ್ಲಿ ಬಣ್ಣದಂಗಡಿಯವನು ಖುಲಾಸೆಯಾಗಿ ಮೀಸೆ ತಿರುವುತ್ತ ಮನೆಗೆ ಹೋಗಿದ್ದಾನೆ. ಸಾಲ ಕೊಟ್ಟು ಸೋತ ಫೋಟೋ ಫ್ರೇಮಿನಂಗಡಿಯವನೂ, ಸಾಕ್ಷಿ ಹೇಳಿ ಸೋಲಿಸಿದ ಅವನ ಹೆಂಡತಿಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದಾರೆ.

ವಕೀಲ: ‘ನನ್ನ ಗಂಡನ ಕೈಯಲ್ಲಿ ಯಾವತ್ತೂ ಕಾಸಿರಲ್ಲ’ ಅಂದುಬಿಟ್ರಲ್ಲಮ್ಮ. ಕಾಸಿಲ್ಲದವನು ಎರಡು ಲಕ್ಷ ಎಲ್ಲಿಂದ ಕೊಟ್ಟ ಅಂತ ಆರೋಪೀನ ಬಿಟ್ಟುಬಿಟ್ರು.

ಹೆಂಡತಿ: ನಾನು ಇವರ ಮಾನ ಉಳಿಸೋಕೆ ಹೇಳಿದ್ದು. ದುಡ್ಡಿಟ್ಟುಕೊಂಡೂ ಹೆಂಡತಿಗೆ ಹಲ್ಲು ಕಟ್ಟಿಸದ ಗಂಡಸಲ್ಲ ಇವರು. ಸಾಲದ ವಿಷಯ ನೀವು ಕೇಸಿಗೆ ಅಂತ ಹೆಣೆದ ಕತೆ ಅಂದ್ಕೊಂಡೆ.

ವಕೀಲ: ಇರಲಿ, ಅಪೀಲು ಹಾಕೋಣ. ದುಡ್ಡು ಎಲ್ಲಿತ್ತು, ಹೇಳಿ.

ಗಂಡ: ಅದು... ಇತ್ತು.

ಹೆಂಡತಿ: ಎಲ್ಲಿ?

ಗಂಡ: ನೀನು ಸ್ವಲ್ಪ ಹೊರಗೆ ಗಾಳಿಗೆ ಕೂತಿರು.

ಹೆಂಡತಿ: ಇಲ್ಲೇ ಫ್ಯಾನಿದೆ.

ಗಂಡ: (ದನಿ ತಗ್ಗಿಸಿ) ಬ್ಯಾಂಕಲ್ಲಿ. ಠೇವಣಿ.

ವಕೀಲ: ಅಯ್ಯೋ ಪುಣ್ಯಾತ್ಮ, ಇದನ್ನ ಕೋರ್ಟಲ್ಲಿ ಯಾಕೆ ಬಾಯಿ ಬಿಡಲಿಲ್ಲ?

ಗಂಡ: ಇವಳೂ ಅಲ್ಲೇ ಇದ್ದಳಲ್ಲ.

ಹೆಂಡತಿಯ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಅವಳಿಗೆ ನಿಜವಾಗಿಯೂ ನೋವಾಗಿತ್ತು.

ಹೆಂಡತಿ: ಎರಡು ವರ್ಷದಿಂದ ಒಂದೇ ದವಡೆಯಲ್ಲಿ ಅಗೀತಿದೀನಿ. ಕೈ ಖಾಲಿ ಅಂದ್ರಿ, ಹೂಂ ಅಂದೆ.

ಗಂಡ: ಕಷ್ಟಕಾಲಕ್ಕೆ ಇರಲಿ ಅಂತ ಕಣೇ.

ಹೆಂಡತಿ: ಯಾರ ಕಷ್ಟಕ್ಕೆ? ಬಣ್ಣದಂಗಡಿಯವನ ಕಷ್ಟಕ್ಕಾ?

ಗಂಡ: ಒಳ್ಳೆ ಬಡ್ಡಿ ಕೊಡ್ತೀನಿ ಅಂದ... ಬಿಡಿ ವಕೀಲರೇ, ಅಪೀಲು ಬೇಡ. ನನ್ನ ಹತ್ರ ದುಡ್ಡಿರಲಿಲ್ಲ ಅಂತಲೇ ಇರಲಿ.

ಹೆಂಡತಿ: ಹಾಕಲೇಬೇಕು. ಈ ಸಲ ನಾನೇ ಮುಂದೆ ನಿಂತು ಸಾಕ್ಷಿ ಹೇಳ್ತೀನಿ.

ಗಂಡ: ನಿಜ ಹೇಳಿದರೂ ನಂಬಲಿಲ್ಲವಲ್ಲೇ ಆ ಕೋರ್ಟು. ಅದೇ ಹೊಟ್ಟೆ ಉರಿಯತ್ತೆ ನಂಗೆ.

ಹೆಂಡತಿ: ನೀವು ನಿಜ ಹೇಳಿದ್ದನ್ನ ಕೋರ್ಟು ನಂಬಲಿಲ್ಲ, ಅದಕ್ಕೆ ಅಪೀಲು ಇದೆ. ನೀವು ಸುಳ್ಳು ಹೇಳಿದ್ದನ್ನೆಲ್ಲ ನಾನು ನಂಬಿದ್ನಲ್ಲ, ಅದಕ್ಕೆ ಎಲ್ಲಿ ಹಾಕಲಿ ಅಪೀಲು?

ವಕೀಲ: (ಪೆನ್ನು ಕೆಳಗಿಟ್ಟು) ಅದಕ್ಕೆ ನೀವೇ ಮೇಲಿನ ಕೋರ್ಟು ತಾಯಿ.

ಹೆಂಡತಿ: ಹಾಗಾದ್ರೆ ತೀರ್ಪು ಕಾಯ್ದಿರಿಸಿದೀನಿ. ಅಲ್ಲೀವರೆಗೆ ಇವರಿಗೆ ಜಾಮೀನು. ಏಳಿ ಮೇಲೆ, ಮನೆಗೆ ಹೋಗೋಣ.